ವಿದ್ಯುತ್ ಬಂತು, ಕಾರೇಕೆ ಭಾರವಾಯಿತು?

ಹೊಸ ಕಾರುಗಳ ಬಗ್ಗೆ ಕಾರುಪ್ರಿಯರು ಇಂದು ಆಡುವ ಮಾತುಗಳಲ್ಲಿ ಎರಡು ಬೇರೆ ಬೇರೆ ಅಸಮಾಧಾನಗಳು ಹೆಣೆದುಕೊಂಡಿವೆ. ಕಾರುಗಳು ಬೇಕಿಲ್ಲದೆ ದೊಡ್ಡವಾಗಿವೆ, ಭಾರವಾಗಿವೆ, ಗುಂಡಿಗಳಿದ್ದ ಜಾಗದಲ್ಲಿ ಗಾಜಿನ ಪರದೆ ಬಂದು ಕುಳಿತಿದೆ, ಕೆಟ್ಟರೆ ಊರಿನ ಗ್ಯಾರೇಜಿನಲ್ಲಿ ರಿಪೇರಿಯಾಗುವುದಿಲ್ಲ ಎಂಬುದು ಮೊದಲನೆಯದು. ಎಂಜಿನ್ನಿನ ಸದ್ದೂ ಗೇರಿನ ಹಿಡಿತವೂ ಇಲ್ಲದ ವಿದ್ಯುತ್ ಕಾರು ಕಾರೇ ಅಲ್ಲ ಎಂಬುದು ಎರಡನೆಯದು. ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ತೂಗಿದರೆ ತೀರ್ಪು ದಾರಿ ತಪ್ಪುತ್ತದೆ, ಏಕೆಂದರೆ ಮೊದಲನೆಯ ದೂರಿನಲ್ಲಿ ಹುರುಳು ಹೆಚ್ಚು, ಎರಡನೆಯದರಲ್ಲಿ ಕಡಿಮೆ. ಎಂಜಿನ್, ಗೇರ್‌ಬಾಕ್ಸ್, ಪೆಟ್ರೋಲ್ ಟ್ಯಾಂಕ್, ಸೈಲೆನ್ಸರ್‌ಗಳನ್ನು ತೆಗೆದುಹಾಕಿ ವಿದ್ಯುತ್ ಮೋಟಾರು ವಿನ್ಯಾಸಕಾರರಿಗೆ ಒದಗಿಸಿದ ಅಪರೂಪದ ಸ್ವಾತಂತ್ರ್ಯವನ್ನು ತಯಾರಕರು ಗಾತ್ರಕ್ಕೂ ಆಡಂಬರಕ್ಕೂ ವೆಚ್ಚಮಾಡಿದರು. ಇದೇ ಸ್ವಾತಂತ್ರ್ಯವನ್ನು ಹಗುರಾದ, ಪುಟ್ಟದಾದ ಕಾರಿಗೆ ಬಳಸಿದ ಪ್ರಯತ್ನವೊಂದು ಇಪ್ಪತ್ತೈದು ವರ್ಷಗಳ ಹಿಂದೆ ಕರ್ನಾಟಕದಲ್ಲಿಯೇ ನಡೆದಿತ್ತು. ಅದರ ಗುಣದೋಷಗಳನ್ನು ನೆನೆಯದೆ ಇಂದಿನ ಕಾರಿನ ವಿಮರ್ಶೆ ಪೂರ್ಣವಾಗಲಾರದು.

ಕಾರಿನ ವಿನ್ಯಾಸವನ್ನು ಅಳೆಯಲು ವಾಹನ ಪ್ರದರ್ಶನದ ವೇದಿಕೆಗಿಂತ ಅದು ದಿನವೂ ಓಡುವ ರಸ್ತೆಯೇ ಸರಿಯಾದ ಅಳತೆಗೋಲು. ದಾವಣಗೆರೆ ತಾಲ್ಲೂಕಿನ ಹದಡಿ ಗ್ರಾಮ ದಾವಣಗೆರೆ ನಗರದಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದಲ್ಲಿದೆ. ಅದರ ಹೆಸರು ಹೊತ್ತ ಹದಡಿ ರಸ್ತೆ ನಗರದೊಳಗೆ, 1951ರಲ್ಲಿ ಆರಂಭವಾದ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜನ್ನು ಹಾದುಹೋಗುತ್ತದೆ. ದಾವಣಗೆರೆಯಿಂದ ಹರಿಹರಕ್ಕೆ ಸುಮಾರು ಹದಿನಾಲ್ಕು ಕಿಲೋಮೀಟರ್. ಬೆಳಿಗ್ಗೆ ಹದಡಿಯಿಂದ ಹೊರಟು, ದಾವಣಗೆರೆಯಲ್ಲಿ ಕೆಲಸ ಮುಗಿಸಿ, ಹರಿಹರಕ್ಕೂ ಹೋಗಿ ಸಂಜೆ ಊರು ಸೇರುವವರ ಒಟ್ಟು ಓಟ ಐವತ್ತೈದು ಕಿಲೋಮೀಟರ್ ಮೀರುವುದು ಅಪರೂಪ. ಭದ್ರಾ ನಾಲೆಯ ನೀರುಂಡ ಭತ್ತದ ಗದ್ದೆ, ಅಡಿಕೆ ತೋಟಗಳ ನಡುವಿನ ಇಂಥ ದಾರಿಗಳಲ್ಲಿ ವೇಗ ಗಂಟೆಗೆ ನಲವತ್ತು ಐವತ್ತರ ಆಸುಪಾಸಿನಲ್ಲಿರುತ್ತದೆ. ಊರೂರಿಗೂ ಹಂಪ್ಸ್, ಸುಗ್ಗಿಯ ಕಾಲದಲ್ಲಿ ರಸ್ತೆಯ ಒಂದು ಪಕ್ಕಕ್ಕೆ ಒಣಹಾಕಿದ ಮೆಕ್ಕೆಜೋಳ, ಎದುರಿನಿಂದ ಲೋಡು ಹೊತ್ತ ಟ್ರ್ಯಾಕ್ಟರ್, ಬೇಸಿಗೆಯಲ್ಲಿ ನಲವತ್ತು ಡಿಗ್ರಿಯ ಹತ್ತಿರಕ್ಕೆ ಹೋಗುವ ಬಿಸಿಲು. ಈ ರಸ್ತೆಗೆ ಎಂಥ ಕಾರು ಬೇಕು ಎಂಬ ಪ್ರಶ್ನೆಗೂ ಇಂದು ಷೋರೂಮಿನಲ್ಲಿ ಸಿಗುವ ಕಾರಿಗೂ ನಡುವೆ ಅಂತರ ಬೆಳೆಯುತ್ತಲೇ ಇದೆ.

ರೇವಾ ಎಂಬ ಕಾರು ಹುಟ್ಟಿದ್ದು ಇಂಥ ದಿನನಿತ್ಯದ ಓಟವನ್ನು ಮನಸ್ಸಿನಲ್ಲಿಟ್ಟುಕೊಂಡೇ. ಸುದರ್ಶನ್ ಮೈನಿ ಬೆಂಗಳೂರಿನಲ್ಲಿ ಕಟ್ಟಿದ ಮೈನಿ ಸಮೂಹವೂ ಅಮೆರಿಕದ ಕ್ಯಾಲಿಫೋರ್ನಿಯಾದ ಅಮೆರಿಗಾನ್ ಕಂಪನಿಯೂ ಸೇರಿ 1994ರಲ್ಲಿ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿಯನ್ನು ಆರಂಭಿಸಿದವು. ಸುದರ್ಶನ್ ಅವರ ಮಗ ಚೇತನ್ ಮೈನಿ ಅದರ ಚಾಲಕಶಕ್ತಿಯಾಗಿದ್ದರು. ಚೇತನ್ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಸೌರಶಕ್ತಿಯ ಕಾರು ಕಟ್ಟಿದ ತಂಡದಲ್ಲಿದ್ದವರು, 1990ರಲ್ಲಿ ಆಸ್ಟ್ರೇಲಿಯಾದ ಸೌರ ಕಾರುಗಳ ಓಟದಲ್ಲಿ ಆ ತಂಡದೊಂದಿಗೆ ಭಾಗವಹಿಸಿದವರು. ಬಿಸಿಲಿನಿಂದ ಸಿಗುವ ಅಲ್ಪ ಶಕ್ತಿಯಲ್ಲಿ ಒಂದು ಖಂಡವನ್ನು ದಾಟಬೇಕಾದ ಕಾರಿನಲ್ಲಿ ಒಂದೊಂದು ಕೆಜಿಯೂ ಲೆಕ್ಕಕ್ಕೆ ಬರುತ್ತದೆ. ಆ ಶಿಸ್ತಿನ ನೆರಳನ್ನು ರೇವಾದ ಪ್ರತಿಯೊಂದು ಭಾಗದಲ್ಲಿಯೂ ಗುರುತಿಸಬಹುದು.

2001ರಲ್ಲಿ ಬೆಂಗಳೂರಿನ ರಸ್ತೆಗಿಳಿದ ಆ ಕಾರಿನ ಉದ್ದ ಕೇವಲ 2.6 ಮೀಟರ್, ಅಂದರೆ ಎರಡು ಬಾಗಿಲು, ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳಿಗೆ ಸಾಕಾಗುವಷ್ಟು ಜಾಗ. ಉಕ್ಕಿನ ಕೊಳವೆಗಳನ್ನು ಬೆಸೆದು ಕಟ್ಟಿದ ಪಂಜರದ ಮೇಲೆ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಹೊದಿಕೆಗಳನ್ನು ಕೂರಿಸಲಾಗಿತ್ತು. ಬಣ್ಣ ಆ ಪ್ಲಾಸ್ಟಿಕ್ಕಿನೊಳಗೇ ಬೆರೆತಿತ್ತು, ಸಣ್ಣಪುಟ್ಟ ತಾಗುವಿಕೆಗೆ ಡೆಂಟ್ ಬೀಳುತ್ತಿರಲಿಲ್ಲ, ಒಡೆದರೂ ಆ ಒಂದು ಭಾಗವನ್ನಷ್ಟೇ ಬದಲಿಸಬಹುದಿತ್ತು. ತಲಾ 6 ವೋಲ್ಟಿನ ಎಂಟು ಲೆಡ್–ಆಸಿಡ್ ಬ್ಯಾಟರಿಗಳು, ಅಂದರೆ ಮನೆಯ ಯುಪಿಎಸ್‌ನಲ್ಲಿರುವ ಜಾತಿಯ ಸೀಸದ ಬ್ಯಾಟರಿಗಳು, ಒಟ್ಟು 48 ವೋಲ್ಟ್ ಕೊಡುತ್ತಿದ್ದವು. ಒಂದು ಚಾರ್ಜಿಗೆ ಸುಮಾರು 80 ಕಿಲೋಮೀಟರ್ ಓಟ, ಚಾರ್ಜಿಂಗಿಗೆ ಮನೆಯ 15 ಆಂಪಿಯರ್ ಸಾಕೆಟ್. ಬ್ರೇಕ್ ಹಾಕಿದಾಗ ಮೋಟಾರೇ ಡೈನಮೋದಂತೆ ತಿರುಗಿ ಒಂದಿಷ್ಟು ವಿದ್ಯುತ್ತನ್ನು ಬ್ಯಾಟರಿಗೆ ಹಿಂದಿರುಗಿಸುವ ವ್ಯವಸ್ಥೆ, ಇಂದಿನ ಜಾಹೀರಾತುಗಳು ಹೊಸತೆಂಬಂತೆ ಹೇಳುವ ಮರುಉತ್ಪಾದಕ ಬ್ರೇಕಿಂಗ್, ಆಗಲೇ ಅದರಲ್ಲಿತ್ತು. ಹದಡಿಯಿಂದ ಹರಿಹರಕ್ಕೆ ಹೋಗಿ ಬರುವ ಓಟ ಆ 80 ಕಿಲೋಮೀಟರಿನೊಳಗೇ ಮುಗಿಯುತ್ತದೆ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ಜಿ–ವಿಜ್ ಎಂಬ ಹೆಸರಿನಲ್ಲಿ ಈ ಕಾರು 2004ರಿಂದ ಲಂಡನ್ನಿನಲ್ಲಿಯೂ ಮಾರಾಟವಾಯಿತು. ನಗರದ ನಡುಭಾಗಕ್ಕೆ ಬರುವ ವಾಹನಗಳ ಮೇಲಿನ ದಟ್ಟಣೆ ಶುಲ್ಕದಿಂದ ವಿದ್ಯುತ್ ವಾಹನಗಳಿಗೆ ಸಿಕ್ಕ ವಿನಾಯಿತಿ ಅದರ ಮಾರಾಟಕ್ಕೆ ಬಲ ತಂದಿತು. ಆದರೆ ಅದರ ದೌರ್ಬಲ್ಯ ಬಯಲಾದದ್ದೂ ಅಲ್ಲಿಯೇ. ಯುರೋಪಿನ ನಿಯಮದಲ್ಲಿ ಅದು ಕಾರಿನ ವರ್ಗಕ್ಕೆ ಸೇರದೆ ಕ್ವಾಡ್ರಿಸೈಕಲ್ ಎಂಬ ವರ್ಗಕ್ಕೆ, ಅಂದರೆ ಬ್ಯಾಟರಿಯ ತೂಕ ಬಿಟ್ಟು 400 ಕೆಜಿ ಮೀರದ ನಾಲ್ಕು ಚಕ್ರದ ಹಗುರ ವಾಹನಗಳ ವರ್ಗಕ್ಕೆ ಸೇರಿತ್ತು; ಈ ವರ್ಗದ ವಾಹನಗಳು ಕಾರುಗಳಂತೆ ಅಪಘಾತ ಪರೀಕ್ಷೆಗೆ ಒಳಗಾಗಬೇಕಿರಲಿಲ್ಲ. 2007ರಲ್ಲಿ ಬ್ರಿಟನ್ನಿನ ಪತ್ರಿಕೆಯೊಂದು ತಾನಾಗಿ ಮಾಡಿಸಿದ ಡಿಕ್ಕಿ ಪರೀಕ್ಷೆಯಲ್ಲಿ ಒಳಗಿದ್ದವರು ತೀವ್ರವಾಗಿ ಗಾಯಗೊಳ್ಳುವ ಅಪಾಯ ಕಂಡುಬಂತು. ಇದನ್ನು ಮರೆಮಾಚಿ ರೇವಾವನ್ನು ಹೊಗಳುವುದು ನ್ಯಾಯವಲ್ಲ: ಹಗುರವಾಗಿರುವುದು ಗುಣ, ದುರ್ಬಲವಾಗಿರುವುದು ದೋಷ, ಆ ಕಾಲದ ತಂತ್ರಜ್ಞಾನದಲ್ಲಿ ಮತ್ತು ಆ ಬೆಲೆಯಲ್ಲಿ ಇವೆರಡನ್ನು ಬೇರ್ಪಡಿಸಲು ರೇವಾಕ್ಕೆ ಸಾಧ್ಯವಾಗಲಿಲ್ಲ. 2009ರಲ್ಲಿ ಲಿಥಿಯಂ ಅಯಾನ್ ಬ್ಯಾಟರಿಯ ಮಾದರಿ ಬಂತು. 2010ರಲ್ಲಿ ಮಹೀಂದ್ರಾ ಕಂಪನಿ ಶೇಕಡಾ 55ಕ್ಕಿಂತ ಸ್ವಲ್ಪ ಹೆಚ್ಚಿನ ಪಾಲನ್ನು ಕೊಂಡಿತು. 2013ರಲ್ಲಿ ಬಂದ ಇ2ಒ 3.3 ಮೀಟರಿಗೆ ಬೆಳೆದಿತ್ತು. ಆಮೇಲೆ ಆ ಸರಣಿಯೇ ನಿಂತುಹೋಯಿತು. ಪುಟ್ಟ ವಿದ್ಯುತ್ ಕಾರನ್ನು ಗಟ್ಟಿಮುಟ್ಟಾಗಿಸುವ ಕೆಲಸ ಅರ್ಧಕ್ಕೆ ನಿಂತಾಗಲೇ ದೊಡ್ಡ ವಿದ್ಯುತ್ ಕಾರುಗಳ ಯುಗ ಆರಂಭವಾಯಿತೆಂಬುದು ಈ ಉದ್ಯಮದ ದೊಡ್ಡ ನಷ್ಟ.

ತೂಕಕ್ಕೆ ಇಷ್ಟೊಂದು ಮಹತ್ವವೇಕೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡುವ ಕಾರನ್ನು ಎರಡು ಬಲಗಳು ಹಿಂದಕ್ಕೆ ಎಳೆಯುತ್ತವೆ. ಟಯರು ನೆಲಕ್ಕೊತ್ತಿ ಚಪ್ಪಟೆಯಾಗುತ್ತ, ಮತ್ತೆ ದುಂಡಗಾಗುತ್ತ ಉರುಳುವಾಗ ಹುಟ್ಟುವ ಉರುಳು ತಡೆ ಮೊದಲನೆಯದು; ಇದು ಕಾರಿನ ತೂಕಕ್ಕೆ ತಕ್ಕಂತೆ ಹೆಚ್ಚುತ್ತದೆ, ವೇಗ ಬದಲಾದರೂ ಅಷ್ಟಾಗಿ ಬದಲಾಗುವುದಿಲ್ಲ. ಎರಡನೆಯದು ಗಾಳಿಯ ತಡೆ. ಇದಕ್ಕೆ ತೂಕದ ಗೊಡವೆಯಿಲ್ಲ, ಆದರೆ ಕಾರಿನ ಎದುರುಭಾಗದ ಅಗಲ, ಎತ್ತರ ಮತ್ತು ಆಕಾರವನ್ನು ಅದು ಅವಲಂಬಿಸುತ್ತದೆ, ವೇಗ ಎರಡು ಪಟ್ಟಾದರೆ ನಾಲ್ಕು ಪಟ್ಟಾಗುತ್ತದೆ. 1,400 ಕೆಜಿಯ ಎತ್ತರದ ಕಾರೊಂದಕ್ಕೆ ಸಾಮಾನ್ಯ ಅಂಕಿಗಳನ್ನಿಟ್ಟು ಲೆಕ್ಕ ಹಾಕಿದರೆ, ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಉರುಳು ತಡೆ ಗಾಳಿಯ ತಡೆಯ ಎರಡು ಪಟ್ಟಿಗಿಂತ ಹೆಚ್ಚಿರುತ್ತದೆ. 60ರ ಸುಮಾರಿಗೆ ಎರಡೂ ಸಮವಾಗುತ್ತವೆ. 100ಕ್ಕೆ ಬಂದಾಗ ಗಾಳಿಯ ತಡೆಯೇ ಎರಡೂವರೆ ಪಟ್ಟಾಗಿ ಮೇಲುಗೈ ಪಡೆಯುತ್ತದೆ. ಹದಡಿಯ ದಾರಿಯಲ್ಲಿ ಬ್ಯಾಟರಿಯನ್ನು ಹೆಚ್ಚಾಗಿ ತಿನ್ನುವುದು ತೂಕ, ಹೆದ್ದಾರಿಯಲ್ಲಿ ತಿನ್ನುವುದು ಎತ್ತರದ, ಚೌಕಾಕಾರದ ಮುಖ. ಎಸ್‌ಯುವಿ ಎಂದು ಕರೆಯುವ ಎತ್ತರದ ಕಾರಿನಲ್ಲಿ ಇವೆರಡೂ ಕೂಡಿಬರುತ್ತವೆ. ಹಂಪ್ಸಿಗೂ ಹದಗೆಟ್ಟ ರಸ್ತೆಗೂ ತಳ ತಾಗದಂತೆ ಒಂದಿಷ್ಟು ಎತ್ತರ ಬೇಕೇ ಬೇಕು ಎಂಬುದು ನಿಜ. ಆದರೆ ನೆಲದಿಂದ ತಳದ ಎತ್ತರ ಬೇರೆ, ಬಾನೆಟ್ಟಿನ ಎತ್ತರ ಬೇರೆ. ಎದೆಯೆತ್ತರದ ಬಾನೆಟ್ಟಿನಿಂದ ಹಂಪ್ಸ್ ದಾಟಲು ಯಾವ ಸಹಾಯವೂ ಆಗುವುದಿಲ್ಲ, ಮುಂದೆ ನಿಂತ ಮಗು ಚಾಲಕರ ಕಣ್ಣಿಗೆ ಬೀಳದಂತೆ ಮಾಡುವ ಅಪಾಯವಷ್ಟೇ ಅದರಿಂದ ಹೆಚ್ಚುತ್ತದೆ.

ತೂಕಕ್ಕೆ ತನ್ನನ್ನು ತಾನೇ ಬೆಳೆಸಿಕೊಳ್ಳುವ ಗುಣವೊಂದಿದೆ. ದೂರದ ಓಟ ಬೇಕೆಂದು ದೊಡ್ಡ ಬ್ಯಾಟರಿ ಇಟ್ಟರೆ ಅದನ್ನು ಹೊರಲು ಚಾಸಿ ಗಟ್ಟಿಯಾಗಬೇಕು, ನಿಲ್ಲಿಸಲು ಬ್ರೇಕು ದೊಡ್ಡದಾಗಬೇಕು, ಟಯರು ಅಗಲವಾಗಬೇಕು. ಇವೆಲ್ಲ ಸೇರಿ ಏರಿದ ತೂಕದಿಂದ ಓಟ ಮತ್ತೆ ತಗ್ಗುವುದರಿಂದ ಬ್ಯಾಟರಿ ಇನ್ನಷ್ಟು ದೊಡ್ಡದಾಗಬೇಕು. 2020ರ ಜನವರಿಯಲ್ಲಿ ಬಿಡುಗಡೆಯಾಗಿ ಭಾರತದಲ್ಲಿ ವಿದ್ಯುತ್ ಕಾರನ್ನು ಮಧ್ಯಮ ವರ್ಗದ ಮನೆಯಂಗಳಕ್ಕೆ ತಂದ ಟಾಟಾ ನೆಕ್ಸಾನ್ ಇವಿಯ ಬ್ಯಾಟರಿ 30.2 ಕಿಲೋವ್ಯಾಟ್ ಅವರ್‌ನದಾಗಿತ್ತು, ಎಂದರೆ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಮೂವತ್ತು ಯೂನಿಟ್. 2024ರ ನವೆಂಬರಿನಲ್ಲಿ ಮಹೀಂದ್ರಾ ತೋರಿಸಿದ ಎಕ್ಸ್‌ಇವಿ 9ಇ ಕಾರಿನ ದೊಡ್ಡ ಬ್ಯಾಟರಿ 79 ಯೂನಿಟ್ ಹಿಡಿಸುತ್ತದೆ. ಐವತ್ತೈದು ಕಿಲೋಮೀಟರಿನ ದಿನದ ಓಟಕ್ಕೆ ನೆಕ್ಸಾನಿನಂಥ ಕಾರಿಗೆ ಬೇಕಾಗುವುದು ಏಳೆಂಟು ಯೂನಿಟ್. 15 ಆಂಪಿಯರ್ ಸಾಕೆಟ್ಟಿನಿಂದ ಗಂಟೆಗೆ ಮೂರು ಯೂನಿಟ್ಟಿನಂತೆ ತುಂಬಿದರೆ ಮೂರು ಗಂಟೆಯೊಳಗೆ ಆ ಖರ್ಚು ಮರಳಿ ಭರ್ತಿಯಾಗುತ್ತದೆ. ಮಿಕ್ಕ ಬ್ಯಾಟರಿ ಬಹುತೇಕ ದಿನಗಳಲ್ಲಿ ಸುಮ್ಮನೆ ಹೊತ್ತು ತಿರುಗುವ ಭಾರ.

ಹಾಗಾದರೆ ಬೆಂಗಳೂರಿಗೆ ಹೋಗುವುದು ಹೇಗೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ, ದೊಡ್ಡ ಬ್ಯಾಟರಿಯ ಪರವಾದ ಮುಖ್ಯ ವಾದವೂ ಅದೇ. ದಾವಣಗೆರೆಯಿಂದ ಬೆಂಗಳೂರಿಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 260 ಕಿಲೋಮೀಟರ್. ನೂರರ ವೇಗದಲ್ಲಿ ಗಾಳಿಯನ್ನು ಸೀಳುತ್ತ ಸಾಗುವ ಮೂವತ್ತು ಯೂನಿಟ್ಟಿನ ಕಾರು ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರುಗಳ ನಡುವೆ ಎಲ್ಲಾದರೂ ಚಾರ್ಜಿಂಗಿಗೆ ನಿಲ್ಲಲೇಬೇಕು. ಆದರೆ ವರ್ಷಕ್ಕೆ ಕೆಲವೇ ಸಲ ಮಾಡುವ ಆ ಪ್ರಯಾಣಕ್ಕಾಗಿ ವರ್ಷವಿಡೀ ಓಡಿಸುವ ಕಾರಿನ ತೂಕವನ್ನು ನಿರ್ಧರಿಸುವುದು ವಿನ್ಯಾಸದ ದೃಷ್ಟಿಯಿಂದ ದುಬಾರಿಯಾದ ತೀರ್ಮಾನ. ಆ ದೂರವನ್ನು ವಿದ್ಯುತ್ತಿನಲ್ಲಿಯೇ ಕ್ರಮಿಸಲು ಬೇರೆ ದಾರಿಗಳು ಈಗಾಗಲೇ ಇವೆ: 2023ರ ಜೂನಿನಲ್ಲಿ ಆರಂಭವಾದ ಬೆಂಗಳೂರು–ಧಾರವಾಡ ವಂದೇ ಭಾರತ್ ರೈಲು ದಾವಣಗೆರೆಯಲ್ಲಿ ನಿಲ್ಲುತ್ತದೆ, ಕೆಎಸ್‌ಆರ್‌ಟಿಸಿ ತನ್ನ ಇವಿ ಪವರ್ ಪ್ಲಸ್ ವಿದ್ಯುತ್ ಬಸ್ಸುಗಳನ್ನು ಬೆಂಗಳೂರಿನಿಂದ ಓಡಿಸಿದ ಊರುಗಳಲ್ಲಿ ಮೈಸೂರು, ಮಡಿಕೇರಿ, ಶಿವಮೊಗ್ಗಗಳ ಜೊತೆಗೆ ದಾವಣಗೆರೆಯೂ ಸೇರಿದೆ. ದೊಡ್ಡ ಬ್ಯಾಟರಿ ನಲವತ್ತಕ್ಕೂ ಹೆಚ್ಚು ಜನ ಕೂರುವ ಬಸ್ಸಿನಲ್ಲಿದ್ದರೆ ಅದರ ಪ್ರತಿಯೊಂದು ಯೂನಿಟ್ಟೂ ಕೆಲಸಕ್ಕೆ ಬರುತ್ತದೆ.

ಇನ್ನು ಕಾರಿನ ಒಳಭಾಗ. ಕಾರುಪ್ರಿಯರ ದೂರುಗಳಲ್ಲಿ ಅತ್ಯಂತ ನ್ಯಾಯವಾದದ್ದು ಸ್ಪರ್ಶಪರದೆಯ ಕುರಿತಾದದ್ದು, ಏಕೆಂದರೆ ಅದು ಅಭಿರುಚಿಯ ಮಾತಾಗಿ ಉಳಿಯದೆ ಸುರಕ್ಷತೆಯ ಪ್ರಶ್ನೆಯಾಗಿದೆ. ಗುಂಡಿಯನ್ನು ಬೆರಳು ತಡಕಿಯೇ ಗುರುತಿಸಬಲ್ಲದು. ನುಣುಪಾದ ಗಾಜಿನ ಮೇಲೆ ಎಲ್ಲಿ ಒತ್ತಬೇಕೆಂದು ತಿಳಿಯಲು ಕಣ್ಣು ರಸ್ತೆಯನ್ನು ಬಿಡಲೇಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡು ಪರದೆ ನೋಡಿದರೆ ಕಾರು 33 ಮೀಟರ್ ಕುರುಡಾಗಿ ಓಡಿರುತ್ತದೆ, ಹದಡಿಯ ದಾರಿಯಲ್ಲಿ ಆ 33 ಮೀಟರಿನೊಳಗೆ ಮೆಕ್ಕೆಜೋಳದ ರಾಶಿಯೂ ಇರಬಹುದು, ದೀಪವಿಲ್ಲದ ಟ್ರೈಲರೂ ಇರಬಹುದು. ಸ್ವೀಡನ್ನಿನ ವೀ ಬಿಲೆಗಾರೆ ಎಂಬ ವಾಹನ ಪತ್ರಿಕೆ 2022ರಲ್ಲಿ ಹನ್ನೆರಡು ಕಾರುಗಳನ್ನು ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಓಡಿಸಿ, ಒಳಗಿನ ಉಷ್ಣತೆ ಬದಲಿಸುವುದು, ರೇಡಿಯೊ ಹಾಕುವುದು ಮುಂತಾದ ನಾಲ್ಕು ಸಾಮಾನ್ಯ ಕೆಲಸಗಳಿಗೆ ಹಿಡಿಯುವ ಕಾಲವನ್ನು ಅಳೆಯಿತು. ಗುಂಡಿಗಳೇ ತುಂಬಿದ್ದ 2005ರ ಹಳೆಯ ವೋಲ್ವೊ ವಿ70 ಕಾರಿನಲ್ಲಿ ಅವು 10 ಸೆಕೆಂಡಿನಲ್ಲಿ, 306 ಮೀಟರಿನೊಳಗೆ ಮುಗಿದವು. ಪರದೆಯನ್ನೇ ನೆಚ್ಚಿಕೊಂಡ ಹೊಸ ವಿದ್ಯುತ್ ಕಾರು ಎಂಜಿ ಮಾರ್ವೆಲ್ ಆರ್‌ನಲ್ಲಿ ಸುಮಾರು 45 ಸೆಕೆಂಡು ಹಿಡಿಯಿತು, ಅಷ್ಟರಲ್ಲಿ ಕಾರು 1,372 ಮೀಟರ್ ಸಾಗಿತ್ತು. ಯುರೋಪಿನ ಕಾರು ಸುರಕ್ಷತಾ ಪರೀಕ್ಷಾ ಸಂಸ್ಥೆ ಯುರೋ ಎನ್‌ಕ್ಯಾಪ್ ಇದನ್ನೆಲ್ಲ ಕಂಡೇ, ಇಂಡಿಕೇಟರ್, ಹಜಾರ್ಡ್ ದೀಪ, ಹಾರ್ನ್, ವೈಪರ್, ತುರ್ತು ಕರೆ ಈ ಐದಕ್ಕೆ ಕೈಗೆ ಸಿಗುವ ನಿಯಂತ್ರಣಗಳಿಲ್ಲದ ಕಾರಿಗೆ 2026ರಿಂದ ಪೂರ್ಣ ಅಂಕ ಸಿಗದಂತೆ ನಿಯಮ ರೂಪಿಸಿತು. ಪರದೆ ಹೆಚ್ಚಲು ಮುಖ್ಯ ಕಾರಣ ವೆಚ್ಚ: ಒಂದೊಂದು ಗುಂಡಿಗೂ ಅಚ್ಚು, ತಂತಿ, ಜೋಡಣೆ ಬೇಕು, ಪರದೆಗೆ ಒಂದು ಸಾಫ್ಟ್‌ವೇರ್ ಸಾಕು. ಇದಕ್ಕೂ ವಿದ್ಯುತ್ ಮೋಟಾರಿಗೂ ಯಾವ ಸಂಬಂಧವೂ ಇಲ್ಲ. ಹೊಸ ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿಯೂ ಇದೇ ರೋಗವಿದೆ.

ಗಾಜಿನ ಚಾವಣಿಯದೂ ಇದೇ ಕತೆ. ಮೋಡ ಕವಿದ ಉತ್ತರ ಯುರೋಪಿನಲ್ಲಿ ಬೆಳಕು ತರುವ ಅಲಂಕಾರ, ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ನೆತ್ತಿಯ ಮೇಲೆ ಬಿಸಿಲನ್ನು ಸುರಿಸುತ್ತದೆ, ಅದನ್ನು ತಣಿಸಲು ಎಸಿ ಬಳಸುವ ವಿದ್ಯುತ್ತೂ ಅದೇ ಬ್ಯಾಟರಿಯಿಂದಲೇ ಹೋಗಬೇಕು. ರೇವಾದ ಪಾಲುದಾರನಾಗಿದ್ದ ಅಮೆರಿಗಾನ್ ಕಂಪನಿ, ಇಡೀ ಕಾರಿನ ಗಾಳಿಯ ಬದಲು ಕುಳಿತವರ ಆಸನವನ್ನೇ ತಂಪಾಗಿ ಅಥವಾ ಬೆಚ್ಚಗೆ ಇಡುವ ತಂತ್ರಕ್ಕೆ ಹೆಸರಾಗಿತ್ತು. ಸೆಕೆಯ ನಾಡಿನ ಪುಟ್ಟ ಕಾರಿಗೆ ಹೇಳಿಮಾಡಿಸಿದಂಥ ಆ ಉಪಾಯ ಇಂದು ಹೆಚ್ಚಾಗಿ ದುಬಾರಿ ಮಾದರಿಗಳ ಭೋಗವಾಗಿ ಸಿಗುತ್ತದೆ. ಹಲವು ಹೊಸ ವಿದ್ಯುತ್ ಕಾರುಗಳಿಂದ ಸ್ಟೆಪ್ನಿ ಕಾಣೆಯಾಗಿ ಆ ಜಾಗಕ್ಕೆ ಪಂಕ್ಚರ್ ಕಿಟ್ ಬಂದಿದೆ. ಮೊಳೆ ಚುಚ್ಚಿದ ತೂತನ್ನು ಕಿಟ್ ಮುಚ್ಚಬಲ್ಲದು, ರಸ್ತೆಗುಂಡಿಯ ಅಂಚಿಗೆ ಬಡಿದು ಪಕ್ಕ ಸೀಳಿದ ಟಯರಿಗೆ ಅದರಿಂದ ಪ್ರಯೋಜನವಿಲ್ಲ. ಕೆಲವು ಕೆಜಿ ಉಳಿಸಲು ತೆಗೆಯಬೇಕಿದ್ದುದು ಚಾವಣಿಯ ಗಾಜೇ ಹೊರತು ಸ್ಟೆಪ್ನಿಯಲ್ಲ.

ವಿದ್ಯುತ್ ಕಾರಿನ ಮೇಲಿನ ಎರಡನೆಯ ಅಸಮಾಧಾನಕ್ಕೆ ಈಗ ಬರಬಹುದು. ಗೇರು ಬದಲಿಸುವ ಕೈಚಳಕ, ಎಂಜಿನ್ನಿನ ಏರಿಳಿತವನ್ನು ಕಿವಿಯಿಂದಲೇ ಅಳೆಯುವ ಅಭ್ಯಾಸ, ಇವು ಹಲವರಿಗೆ ಬದುಕಿನ ನಿಜವಾದ ಸಂತೋಷಗಳು, ಅವು ಇಲ್ಲವಾಗುವುದು ನಿಜವಾದ ನಷ್ಟವೇ. ಆದರೆ ಕಾರುಪ್ರಿಯರು ಯಾವಾಗಲೂ ಮೆಚ್ಚಿದ ಇನ್ನೊಂದು ಗುಣ, ಕಾಲಿಟ್ಟ ತಕ್ಷಣ ಕಾರು ಸ್ಪಂದಿಸುವುದು, ವಿದ್ಯುತ್ ಮೋಟಾರಿನಲ್ಲಿ ಯಾವ ಎಂಜಿನ್ನಿನಲ್ಲಿಯೂ ಇಲ್ಲದಷ್ಟು ಚೆನ್ನಾಗಿದೆ. ಚಕ್ರ ತಿರುಗಿಸುವ ಬಲ, ಅಂದರೆ ಟಾರ್ಕ್, ನಿಂತಲ್ಲಿಂದಲೇ ಪೂರ್ಣವಾಗಿ ಸಿಗುತ್ತದೆ. ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಕಾಲುಭಾಗವಷ್ಟೇ ಚಕ್ರಕ್ಕೆ ತಲುಪಿ ಉಳಿದದ್ದು ಶಾಖವಾಗಿ ಹೋದರೆ, ಬ್ಯಾಟರಿಯ ಶಕ್ತಿಯಲ್ಲಿ ಶೇಕಡಾ ಎಂಬತ್ತಕ್ಕೂ ಮಿಕ್ಕಿ ಚಕ್ರಕ್ಕೆ ತಲುಪುತ್ತದೆ. 1899ರಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದ ಗಡಿಯನ್ನು ಮೊದಲು ದಾಟಿದ ಮೋಟಾರು ವಾಹನವೂ ವಿದ್ಯುತ್ತಿನದೇ, ಕಮೀಲ್ ಜೆನಾಟ್ಸಿ ಓಡಿಸಿದ ಲಾ ಜಮೆ ಕಾಂಟಾಂಟ್. ಕಾರನ್ನು ಪ್ರೀತಿಸುವವರು ವಿದ್ಯುತ್ತನ್ನು ಪರಕೀಯವೆಂದು ದೂರವಿಡಲು ಚರಿತ್ರೆಯಲ್ಲಿ ಆಧಾರವಿಲ್ಲ. ಸ್ಪಂದನೆ ಚುರುಕಾಗಿ, ತಿರುವಿನಲ್ಲಿ ಹಿಡಿತ ಗಟ್ಟಿಯಾಗಿರಬೇಕಾದರೆ ಕಾರು ಹಗುರವಾಗಿರಬೇಕು ಎಂಬುದನ್ನು ಅವರೇ ಎಲ್ಲರಿಗಿಂತ ಚೆನ್ನಾಗಿ ಬಲ್ಲವರಾದ್ದರಿಂದ, ಅವರ ಟೀಕೆ ಮೋಟಾರನ್ನು ಬಿಟ್ಟು ತೂಕದ ಕಡೆಗೆ ತಿರುಗಬೇಕಾಗಿದೆ.

ಪುಟ್ಟ ವಿದ್ಯುತ್ ಕಾರಿನ ವಿಚಾರ ಸಂಪೂರ್ಣ ಸತ್ತಿಲ್ಲ. 2023ರಲ್ಲಿ ಬಂದ ಎಂಜಿ ಕಾಮೆಟ್ ಮೂರು ಮೀಟರಿಗಿಂತ ಸ್ವಲ್ಪ ಕಡಿಮೆ ಉದ್ದದ, ಎರಡು ಬಾಗಿಲಿನ, ನಾಲ್ವರು ಕೂರಬಲ್ಲ ಕಾರು. ಅದರ ಬ್ಯಾಟರಿ 17.3 ಯೂನಿಟ್ಟಿನದು, ಕಂಪನಿ ಹೇಳುವ ಓಟ 230 ಕಿಲೋಮೀಟರ್. ಅಳತೆಯಲ್ಲಿ ಅದು ರೇವಾದ ವಂಶದ್ದೇ, ಆದರೆ ಅದರಲ್ಲಿಯೂ 10.25 ಇಂಚಿನ ಎರಡು ಪರದೆಗಳು ಸೇರಿಕೊಂಡಿವೆ. ಇಂದು ಭಾರತದ ಬಹುತೇಕ ವಿದ್ಯುತ್ ಕಾರುಗಳಲ್ಲಿ ಬಳಕೆಯಾಗುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ನಿಕ್ಕಲ್ ಬಳಸುವ ಬ್ಯಾಟರಿಗಿಂತ ಒಂದಿಷ್ಟು ಭಾರವಾದರೂ ಬಿಸಿಲನ್ನು ಹೆಚ್ಚು ತಾಳಿಕೊಳ್ಳುತ್ತದೆ, ಹೆಚ್ಚು ಸಲ ಚಾರ್ಜು ಮಾಡಿದರೂ ಬಾಳುತ್ತದೆ. ಚಿಕ್ಕ ಕಾರನ್ನು ಗಟ್ಟಿಯಾಗಿ ಕಟ್ಟುವ ವಿದ್ಯೆಯೂ ರೇವಾದ ಕಾಲಕ್ಕಿಂತ ಬಹಳ ಮುಂದುವರಿದಿದೆ. ತಂತ್ರಜ್ಞಾನದ ಅಡ್ಡಿ ಹೀಗೆ ತೊಲಗಿರುವಾಗಲೂ ದೊಡ್ಡ ಕಾರಿನಲ್ಲಿ ತಯಾರಕರಿಗೆ ಸಿಗುವ ಲಾಭ ಹೆಚ್ಚೆಂಬುದು ಉಳಿದಿರುವ ಅಡ್ಡಿ.

ಇನ್ನು ಉಳಿದದ್ದು ರಿಪೇರಿಯ ದೂರು. ಹರಿಹರದ ನೆಲಕ್ಕೆ ಈ ಚರ್ಚೆಯಲ್ಲಿ ಒಂದು ವಿಶೇಷ ಹಕ್ಕಿದೆ. 1941ರಲ್ಲಿ ಅಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶದ ಎಷ್ಟೋ ವರ್ಕ್‌ಷಾಪುಗಳಲ್ಲಿ ಕಬ್ಬಿಣವನ್ನು ಕಡೆದವು. ಕಾರ್ಖಾನೆ ಮುಚ್ಚಿಹೋಯಿತಾದರೂ ಸುತ್ತಮುತ್ತ ಫಿಟ್ಟರ್, ಟರ್ನರ್‌ಗಳ ತಲೆಮಾರುಗಳನ್ನು ಬೆಳೆಸಿತು. ದಾವಣಗೆರೆಯ ಪಿ.ಬಿ. ರಸ್ತೆಯ ಆಸುಪಾಸಿನಂಥ ಗ್ಯಾರೇಜುಗಳ ವಿದ್ಯೆಯೂ ಅದೇ ಪರಂಪರೆಯದು: ಬಿಚ್ಚು, ನೋಡು, ಸವೆದ ಭಾಗವನ್ನು ಕಡೆದು ಸರಿಪಡಿಸು. ಹೊಸ ಕಾರುಗಳ ವಿನ್ಯಾಸ ಇದಕ್ಕೆ ವಿರುದ್ಧ ದಿಕ್ಕಿನಲ್ಲಿದೆ. ಟೆಸ್ಲಾ ಆರಂಭಿಸಿದ ಬೃಹತ್ ಎರಕದ ವಿಧಾನದಲ್ಲಿ ಹತ್ತಾರು ಬಿಡಿಭಾಗಗಳ ಬದಲು ಕಾರಿನ ಹಿಂಭಾಗದ ಇಡೀ ಚೌಕಟ್ಟು ಒಂದೇ ಅಲ್ಯೂಮಿನಿಯಂ ಎರಕವಾಗಿ ಬರುತ್ತದೆ; ತಯಾರಿಕೆ ಅಗ್ಗವಾಗುತ್ತದೆ, ಆದರೆ ಬಿರುಕು ಬಿಟ್ಟ ಎರಕವನ್ನು ಟಿಂಕರಿಂಗ್ ಮಾಡಿ ನೇರಮಾಡುವುದು ಕಷ್ಟ. ಬ್ಯಾಟರಿ ಕೋಶಗಳನ್ನು ಅಂಟಿನಿಂದ ಒಂದೇ ಗಡ್ಡೆಯಾಗಿ ಕೂರಿಸುವ ಪದ್ಧತಿಯಲ್ಲಿ ಒಂದು ಕೋಶ ಕೆಟ್ಟರೂ ಇಡೀ ಪ್ಯಾಕನ್ನೇ ಬದಲಿಸಬೇಕಾಗಬಹುದು. ಬೋಲ್ಟ್ ಬಿಚ್ಚಿ ಒಂದೊಂದೇ ಮಾಡ್ಯೂಲನ್ನು ತೆಗೆಯಬಹುದಾದ ಪ್ಯಾಕ್ ಕೆಲವು ಕೆಜಿ ಹೆಚ್ಚು ತೂಗುತ್ತದೆ; ಈ ಬರಹ ಹಗುರತನದ ಪರವಾಗಿದ್ದರೂ ಆ ಕೆಲವು ಕೆಜಿಗಳನ್ನು ಮನಸಾರೆ ಒಪ್ಪಬೇಕು, ಏಕೆಂದರೆ ರಿಪೇರಿಯಾಗುವ ಕಾರು ಹೆಚ್ಚು ವರ್ಷ ಬಾಳುತ್ತದೆ.

ಈ ಪ್ರಶ್ನೆ ದೂರದ ಭವಿಷ್ಯದ್ದಲ್ಲ. ವಿದ್ಯುತ್ ಕಾರುಗಳ ಬ್ಯಾಟರಿಗೆ ಕಂಪನಿಗಳು ಸಾಮಾನ್ಯವಾಗಿ ಎಂಟು ವರ್ಷ ಅಥವಾ 1,60,000 ಕಿಲೋಮೀಟರಿನ ವಾರಂಟಿ ಕೊಡುತ್ತ ಬಂದಿವೆ. ಆ ಲೆಕ್ಕದಲ್ಲಿ 2020ರ ಆರಂಭದ ಕಾರುಗಳ ವಾರಂಟಿ 2028ಕ್ಕೆ ಮುಗಿಯುತ್ತದೆ, ಆಗ ಅವು ಸೆಕೆಂಡ್ ಹ್ಯಾಂಡ್ ಕಾರುಗಳಾಗಿ ದಾವಣಗೆರೆಯಂಥ ನಗರಗಳಿಗೂ ಹದಡಿಯಂಥ ಊರುಗಳಿಗೂ ಹೆಚ್ಚಾಗಿ ಬರಲಿವೆ. ಹಳೆಯ ಪೆಟ್ರೋಲ್ ಕಾರು ಕೊಳ್ಳುವವರು ಎಂಜಿನ್ನಿನ ಸದ್ದು ಕೇಳಿ, ಹೊಗೆ ನೋಡಿ ಅಳೆಯುತ್ತಿದ್ದರು. ಬ್ಯಾಟರಿಯಲ್ಲಿ ಎಷ್ಟು ಶಕ್ತಿ ಉಳಿದಿದೆ ಎಂಬುದನ್ನು ಅಳತೆಯ ಸಾಧನವಿಲ್ಲದೆ ಯಾವ ಮೇಸ್ತ್ರಿಯೂ ಹೇಳಲಾರ. ಯುರೋಪಿಯನ್ ಒಕ್ಕೂಟ 2023ರ ತನ್ನ ಬ್ಯಾಟರಿ ನಿಯಮದ ಮೂಲಕ, ವಿದ್ಯುತ್ ವಾಹನದ ಪ್ರತಿಯೊಂದು ಬ್ಯಾಟರಿಗೂ ಅದರ ಚರಿತ್ರೆಯನ್ನು ದಾಖಲಿಸುವ ಡಿಜಿಟಲ್ ಪಾಸ್‌ಪೋರ್ಟ್ 2027ರ ಫೆಬ್ರವರಿಯಿಂದ ಇರಲೇಬೇಕೆಂದು ವಿಧಿಸಿದೆ. ಇಲ್ಲಿಯೂ ಕೊಳ್ಳುವವರ ಕೈಗೆ ಅಂಥ ದಾಖಲೆ, ಗ್ಯಾರೇಜಿನ ಕೈಗೆ ಪ್ಯಾಕ್ ಬಿಚ್ಚುವ ಅಧಿಕೃತ ಕೈಪಿಡಿ, ಐಟಿಐ ಮತ್ತು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಅಧಿಕ ವೋಲ್ಟೇಜಿನ ಬ್ಯಾಟರಿಗಳನ್ನು ಸುರಕ್ಷಿತವಾಗಿ ಬಿಚ್ಚಿ ಜೋಡಿಸುವ ತರಬೇತಿ, ಈ ಮೂರೂ 2028ಕ್ಕಿಂತ ಮೊದಲೇ ಸಿದ್ಧವಾಗಬೇಕು.